ಟೈಲರ್ ರಮೀಝನ ಎರಡು ಕಾಲು

ಡೆತ್ ಮೆಟಲ್ ಅಂದ್ರೆ ಎಂತ ಅಂತ ನನ್ನ ಹತ್ರ ಕೇಳಬೇಡಿ. ನನ್ನ ಕಿವಿಗೆ ಕೇಳಿದ್ದು ಇಷ್ಟೇ: ಗಿಟಾರು ಅಂದ್ರೆ ಮರದ ಮಿಲ್ಲು, ಹಾಡು ಅಂದ್ರೆ ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿದವನ ಬೊಬ್ಬೆ. ಹೆಸರಿನಲ್ಲೇ ಸಾವು ಇಟ್ಟುಕೊಂಡ ಸಂಗೀತ ಯಾರಿಗೆ ಬೇಕು ಮಾರಾಯ್ರೆ? ಆದ್ರೆ ರಮೀಝನ ಬಗ್ಗೆ ಕೇಳಿ, ಕೂತು ಹೇಳ್ತೇನೆ. ಆ ಬೊಬ್ಬೆಯ ಹಿಂದೆ ಡ್ರಮ್ ಬಾರಿಸುತ್ತಿದ್ದವನು ನನ್ನ ಅಂಗಡಿಯ ಟೈಲರ್.

ನಾನು ಕಾಂತಿ. ಮೆಲ್ಕಾರಿನಲ್ಲಿ ಹೈವೇ ಬಿಟ್ಟು ಸ್ವಲ್ಪ ಒಳಗೆ ನನ್ನ ಲೇಡೀಸ್ ಟೈಲರಿಂಗ್ ಅಂಗಡಿ. ರಮೀಝ್ ನನ್ನಲ್ಲಿಗೆ ಬಂದದ್ದು ತೊಂಬತ್ತನಾಲ್ಕರಲ್ಲಿ, ಅವನ ಅಪ್ಪ ಮೊಯ್ದೀನ್ ತೀರಿಹೋದ ವರ್ಷ. ತಾಯಿ ಬೀಯಮ್ಮ, ಇಬ್ಬರು ತಂಗಿಯರು, ಇವನೊಬ್ಬನೇ ದುಡಿಯುವವನು. ಮದುವೆ ಮನೆಗಳಲ್ಲಿ ದಫ್ ಬಾರಿಸುವ ತಂಡ ಇರ್ತದಲ್ಲ, ಅದರಲ್ಲಿ ಬಾರಿಸಿ ಅಭ್ಯಾಸ ಇದ್ದವನು. ಕೈ ಸುಮ್ಮನಿರುವ ಜಾತಿಯೇ ಅಲ್ಲ. ಕತ್ತರಿ ಸಿಕ್ಕಿದ್ರೆ ಮೇಜಿಗೆ ಬಡಿಯುವುದು, ಇಂಚುಪಟ್ಟಿ ಸಿಕ್ಕಿದ್ರೆ ಮೊಣಕಾಲಿಗೆ ಬಡಿಯುವುದು. ‘ನಿನ್ನ ಕೈಗೆ ಗಂಟು ಹಾಕ್ತೇನೆ ನೋಡು’ ಅಂತ ನಾನು ಬೈಯದ ದಿನ ಇಲ್ಲ. ಅವನು ನಗಾಡುವುದು, ಮತ್ತೆ ಬಡಿಯುವುದು.

ಕೈಯದ್ದು ಹೋಗ್ಲಿ, ಅವನ ಕಾಲು ನೋಡಬೇಕಿತ್ತು. ಹೊಲಿಗೆ ಮೆಷಿನಿನ ಪೆಡಲು ಮೆಟ್ಟುವಾಗ ನಾವೆಲ್ಲ ಎರಡೂ ಪಾದ ಒಟ್ಟಿಗೆ ಇಟ್ಟು ಕೂತಲ್ಲಿಯೇ ತೂಗ್ತೇವೆ. ರಮೀಝ್ ಒಂದು ಪಾದ ಮುಂದೆ, ಒಂದು ಹಿಂದೆ ಇಡುವುದು. ಮುಂದಿನ ಕಾಲಿನ ಬೆರಳು ಒಮ್ಮೆ, ಹಿಂದಿನ ಕಾಲಿನ ಹಿಮ್ಮಡಿ ಒಮ್ಮೆ. ಹಾಗೆ ಮೆಟ್ಟಿದಾಗ ಮೆಷಿನು ಓಡುವ ಶಬ್ದದಲ್ಲೇ ಒಂದು ತಾಳ ಬರ್ತಿತ್ತು. ರವಿಕೆಯ ಉದ್ದ ಹೊಲಿಗೆಗೆ ಒಂದು ತಾಳ, ತೋಳಿಗೆ ಇನ್ನೊಂದು. ಗಿರಾಕಿಗಳು ಬಟ್ಟೆ ಮರೆತು ನಿಂತು ಕೇಳುವುದು.

ತೊಂಬತ್ತಾರರಲ್ಲಿ ಒಂದು ದಿನ ಶೋಧನ್ ಬಂದ. ಅಳದಂಗಡಿಯ ಕಡೆಯ ಜಮೀನುದಾರರ ಮನೆಯ ಹುಡುಗ, ಕಲಿಯುವುದು ಮೂಡಬಿದಿರೆಯಲ್ಲಿ. ಕೂದಲು ನನಗಿಂತ ಉದ್ದ. ಕಪ್ಪು ಪ್ಯಾಂಟು ತಂದಿದ್ದ, ಕಾಲಿಗೆ ಅಂಟುವ ಹಾಗೆ ಸಣ್ಣ ಮಾಡಿಕೊಡಬೇಕಂತೆ. ‘ಇಲ್ಲಿ ಗಂಡಸರದ್ದು ಹೊಲಿಯುವುದಿಲ್ಲ. ಹೊರಗಿನ ಬೋರ್ಡು ಓದಲಿಕ್ಕೆ ಬರುವುದಿಲ್ವಾ?’ ಅಂದೆ. ಅವನು ನನ್ನ ಮಾತು ಕೇಳ್ತಲೇ ಇಲ್ಲ. ಒಳಗೆ ರಮೀಝ್ ಮೆಷಿನು ಮೆಟ್ಟುವುದನ್ನೇ ಬಾಯಿ ಬಿಟ್ಟು ನೋಡ್ತಿದ್ದ. ಮತ್ತೆ ಕೇಳಿದ, ‘ಅಕ್ಕ, ಇವರು ಡ್ರಮ್ ಬಾರಿಸ್ತಾರಾ?’

ಹಾಗೆ ಶುರುವಾಯ್ತು ನೋಡಿ ಉಪದ್ರ. ಶೋಧನ್ ಗಿಟಾರು. ಹಾಡುವವನು, ಅಂದ್ರೆ ಬೊಬ್ಬೆ ಹೊಡೆಯುವವನು, ಅವನ ಕ್ಲಾಸಿನ ನೌಫಲ್, ಶಿರ್ತಾಡಿಯವನು. ನೌಫಲನ ಅಣ್ಣ ಗಲ್ಫಿನಿಂದ ಕಳಿಸಿದ ಕ್ಯಾಸೆಟ್ಟುಗಳಲ್ಲಿ ಈ ಸಂಗೀತ ಕೇಳಿ ಇಬ್ಬರಿಗೂ ಮರುಳು ಹಿಡಿದಿತ್ತು. ಅದಕ್ಕೆ ಎರಡು ಕಾಲಿನಲ್ಲಿ ಡ್ರಮ್ ಹೊಡೆಯುವವನು ಬೇಕಂತೆ, ಮಂಗಳೂರಿನವರೆಗೂ ಹುಡುಕಿ ಸಿಗಲಿಲ್ಲವಂತೆ. ಮುಚ್ಚಿಹೋದ ಮದುವೆ ಬ್ಯಾಂಡಿನವರ ಹಳೆಯ ಡ್ರಮ್ ಸೆಟ್ಟು ಬಂಟ್ವಾಳ ಪೇಟೆಯಲ್ಲಿ ಸಿಕ್ಕಿತು. ಎರಡು ಕಾಲಿಗೆ ಎರಡು ಪೆಡಲು ಬೇಕಲ್ಲ? ನನ್ನ ಗುಜರಿಗೆ ಬಿದ್ದ ಮೆಷಿನಿನ ಕಬ್ಬಿಣ ಕೊಟ್ಟೆ. ವೆಲ್ಡಿಂಗ್ ಅಂಗಡಿಯ ಚನಿಯಪ್ಪ ಅದನ್ನೇ ಕೊಯ್ದು, ಬೆಸುಗೆ ಹಾಕಿ ಮಾಡಿಕೊಟ್ಟ. ಅಂಗಡಿಯ ಹಿಂದೆ ಶೀಟು ಹಾಕಿದ ಕೋಣೆ ಇತ್ತು. ಭಾನುವಾರ ಮಧ್ಯಾಹ್ನ ನನಗೆ ರಜೆ, ಅವರಿಗೆ ಅಭ್ಯಾಸ.

ಮೊದಲು ಇಂಗ್ಲಿಷಿನಲ್ಲಿ ಏನೋ ಹೆಸರಿಟ್ಟಿದ್ರು. ಅರ್ಥ ಕೇಳಿದ್ರೆ ಕೊಳೆತ ಗೋರಿ ಅಂತ! ಮಗನಿಗೆ ಊಟ ತಂದ ಬೀಯಮ್ಮನ ಎದುರು ನೌಫಲ್ ಅದನ್ನು ಹೇಳಿಬಿಟ್ಟ. ಪಾಪ, ಗಂಡನನ್ನು ಮಣ್ಣು ಮಾಡಿ ಎಷ್ಟು ವರ್ಷ ಆಗಿತ್ತು ಆ ಹೆಂಗಸಿಗೆ? ಬುತ್ತಿ ಕೆಳಗಿಟ್ಟು ಹೊರಟೇ ಹೋದಳು. ರಮೀಝ್ ಮೋರೆ ಚಪ್ಪೆ ಮಾಡಿಕೊಂಡು ಕೂತ. ಮುಂದಿನ ವಾರ ಬ್ಯಾಂಡಿನ ಹೆಸರು ಕರ್ಗಲ್ಲು ಅಂತ ಆಯ್ತು. ‘ಕಲ್ಲಿಗೆ ಯಾರೂ ಅಳುವುದಿಲ್ಲ ಅಕ್ಕ’ ಅಂದ ರಮೀಝ್.

ಇನ್ನು ಶೀನಪ್ಪನವರು. ಹಿಂದಿನ ಮನೆ ಅವರದ್ದು. ನಮ್ಮ ಶೀಟಿನ ಕೋಣೆಯ ಗೋಡೆಗೂ ಅವರ ಚಾವಡಿಯ ಗೋಡೆಗೂ ನಡುವೆ ಒಂದು ಆಳು ಅಡ್ಡ ಹೋಗುವಷ್ಟೇ ಜಾಗ. ಕೋರ್ಟಿನಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ಹೆಂಡತಿ ಇಲ್ಲ, ಮಗ ಮುಂಬಯಿಯಲ್ಲಿ ಹೋಟೆಲು, ಸೊಸೆ ತೃಪ್ತಿ ಜೊತೆಗಿದ್ದು ನೋಡಿಕೊಳ್ಳುತ್ತಿದ್ದಳು. ನಮ್ಮ ಹತ್ರ ದಿನಾ ಮಾತಾಡುವುದು ತುಳುವಿನಲ್ಲಿ. ಆದ್ರೆ ದೂರು ಹೇಳಲಿಕ್ಕೆ ಬರುವಾಗ ಮಾತ್ರ ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಕೊಡೆ, ಬಾಯಲ್ಲಿ ಕೋರ್ಟಿನ ಕನ್ನಡ. ‘ಕಾಂತಿಯವರೇ, ನಿಮ್ಮ ದರ್ಜಿ ಹುಡುಗನು ಉಂಟುಮಾಡುವ ಅಸಹನೀಯ ಶಬ್ದದ ಬಗ್ಗೆ ತಮ್ಮ ಗಮನವನ್ನು ಸೆಳೆಯಬಯಸುತ್ತೇನೆ.’ ಇದನ್ನು ಕೇಳಿ ನನಗೆ ನಗು. ನಕ್ಕರೆ ಅವರ ಸಿಟ್ಟು ಡಬ್ಬಲ್. ರಮೀಝನ ಹೆಸರನ್ನು ಆ ಮನುಷ್ಯ ಒಂದು ದಿನವೂ ಹೇಳಿದ್ದಿಲ್ಲ. ದರ್ಜಿ ಹುಡುಗ ಅಂದ್ರೆ ದರ್ಜಿ ಹುಡುಗ.

ಒಮ್ಮೆ ಪೊಲೀಸರಲ್ಲಿಗೂ ಹೋದ್ರು. ಅಲ್ಲಿ ಯಾರೋ, ‘ಸಾಕ್ಷಿ ಉಂಟಾ ಸ್ವಾಮಿ? ಸಾಕ್ಷಿ ತನ್ನಿ, ನೋಡುವ’ ಅಂತ ಸಾಗಹಾಕಿದರಂತೆ. ಕೋರ್ಟಿನವರಿಗೆ ಸಾಕ್ಷಿ ಕೇಳಿದ್ರೆ ಹೇಗಾಗಬೇಡ! ಆಮೇಲೆ ದೂರು ಹೇಳಲಿಕ್ಕೆ ಬರುವುದೇ ನಿಂತಿತು. ಮುದುಕ ಸೋತ ಅಂತ ಹುಡುಗರಿಗೆ ಖುಷಿ. ನಾನೂ ಹಾಗೇ ಎಣಿಸಿದ್ದೆ. ಆದ್ರೂ ಒಂದೊಂದು ಭಾನುವಾರ ಶೀಟಿನ ಮೇಲೆ ಕಲ್ಲು ಬೀಳುವುದಿತ್ತು, ಸುಳ್ಳು ಯಾಕೆ ಹೇಳಲಿ.

ವರ್ಷ ಹೋದ ಹಾಗೆ ಹುಡುಗರು ಬೇರೆಯವರ ಹಾಡು ಬಿಟ್ಟು ತಮ್ಮದೇ ಕಟ್ಟಿದ್ರು, ತುಳುವಿನಲ್ಲಿ. ಪದ ನನಗೆ ಒಂದೂ ಅರ್ಥವಾಗುತ್ತಿರಲಿಲ್ಲ, ನನ್ನ ಮನೆಮಾತೇ ಆದ್ರೂ! ಒಂದು ಕಾಲೇಜಿನ ಉತ್ಸವದಲ್ಲಿ ಮೊದಲ ಹಾಡಿಗೇ ಕರೆಂಟು ತೆಗೆದ್ರು. ಮೈಕಿಲ್ಲದೆ ಗಿಟಾರು ಸತ್ತಿತು, ನೌಫಲ್ ಸುಮ್ಮನಾದ. ರಮೀಝ್ ಮಾತ್ರ ಹಾಡು ಮುಗಿಯುವವರೆಗೆ ಒಬ್ಬನೇ ಬಾರಿಸಿ ಎದ್ದನಂತೆ.

ತೊಂಬತ್ತೊಂಬತ್ತರಲ್ಲಿ ಬೆಂಗಳೂರಿನ ಒಂದು ಸಣ್ಣ ಹಾಲಿಗೆ ಕರೆದಿದ್ರು. ಅಲ್ಲಿ ಎಂತ ಆಯ್ತು ಗೊತ್ತುಂಟಾ? ಈ ಸಂಗೀತಕ್ಕೆ ಹುಡುಗರು ಒಬ್ಬರ ಮೇಲೊಬ್ಬರು ಬಿದ್ದು ಗುದ್ದಾಡುವುದೇ ಕುಣಿತವಂತೆ. ನಮ್ಮವನಿಗೆ ಗೊತ್ತಿಲ್ಲ. ಒಬ್ಬ ಹುಡುಗ ಕೆಳಗೆ ಬಿದ್ದದ್ದು ಕಂಡದ್ದೇ, ಹೊಡೆದಾಟ ಆಗ್ತಾ ಉಂಟು ಅಂತ ಡ್ರಮ್ ಬಿಟ್ಟು ಕೆಳಗೆ ಹಾರಿ ಬಿಡಿಸಲಿಕ್ಕೆ ಹೋದ! ಇಡೀ ಹಾಲು ನಗಾಡಿತು. ಬಿದ್ದ ಹುಡುಗನನ್ನು ಎಬ್ಬಿಸಿ, ನೀರು ಕುಡಿಸಿ, ‘ಪೆಟ್ಟಾಯ್ತಾ?’ ಅಂತ ಕೇಳಿ, ಮತ್ತೆ ಹೋಗಿ ಬಾರಿಸಿದನಂತೆ. ಮುಗಿದ ಮೇಲೆ ಅದೇ ಜನ ಅವನ ಸುತ್ತ ನಿಂತು ಕೇಳಿದ್ರು, ‘ನಿಮ್ಮ ಕಾಲಿನ ಆ ಶಬ್ದ ಎಲ್ಲೂ ಕೇಳಿಲ್ಲ. ಕ್ಯಾಸೆಟ್ ಉಂಟಾ?’

ಇರಲಿಲ್ಲ. ಬೆಂಗಳೂರಿನಿಂದ ಬಂದವನು ಅದೊಂದೇ ಮಾತು ಹಿಡಿದ. ‘ಅಕ್ಕ, ಒಮ್ಮೆ ಟೇಪಿನಲ್ಲಿ ಬರಬೇಕು. ಒಮ್ಮೆ ಸಾಕು. ಆಮೇಲೆ ನಾನು ಎಲ್ಲಿದ್ರೂ ಆಯ್ತು.’ ಅವನು ಅಷ್ಟು ಬಾಯಿ ಬಿಟ್ಟು ಏನನ್ನಾದರೂ ಕೇಳಿದ್ದು ನಾನು ಕಂಡದ್ದು ಅದೊಂದೇ. ಮಂಗಳೂರಿನ ಸ್ಟುಡಿಯೋದವರು ಒಂದು ಹಾಡು ಕೇಳಿ, ಮೈಕು ಒಡೀತದೆ ಅಂತ ಕೈ ಮುಗಿದ್ರು. ನೌಫಲನನ್ನು ಅಣ್ಣ ದುಬೈಗೆ ಕರೆಸಿಕೊಂಡ. ಬೊಬ್ಬೆ ಶೋಧನ್ ಪಾಲಿಗೆ ಬಂತು. ಮೂವರ ಬ್ಯಾಂಡು ಇಬ್ಬರದ್ದಾಯ್ತು.

ಎರಡು ಸಾವಿರದ ಎರಡರಲ್ಲಿ ರಮೀಝನಿಗೂ ವೀಸಾ ಬಂತು. ಸೌದಿಯ ದಮಾಮಿನಲ್ಲಿ ಅರಬರ ಅಂಗಿ ಹೊಲಿಯುವ ಕೆಲಸ. ದೊಡ್ಡ ತಂಗಿ ಸೌದಾಳಿಗೆ ಸಂಬಂಧ ಕೂಡಿಬಂದಿತ್ತು, ಹೋಗದೆ ಉಪಾಯ ಇರಲಿಲ್ಲ. ಸುದ್ದಿ ಕೇಳಿ ಶೋಧನ್ ಬೆಂಗಳೂರಿನ ಗೆಳೆಯನಲ್ಲಿ ಕಾಡಿ ಬೇಡಿ ರೆಕಾರ್ಡಿಂಗ್ ಮೆಷಿನು ತಂದ. ಅದು ಸೋಮವಾರ ವಾಪಸ್ ಹೋಗಬೇಕು. ಸೋಮವಾರವೇ ರಮೀಝ್ ಮುಂಬಯಿ ಬಸ್ಸು ಹತ್ತಬೇಕು. ಭಾನುವಾರ ಒಂದೇ ಇದ್ದದ್ದು. ನಾನು ಕೋಣೆ ಗುಡಿಸಿ, ಹುಡುಗರಿಗೆ ಕೋಳಿ ಸುಕ್ಕ, ನೀರುದೋಸೆ ಮಾಡಿ ತಂದಿದ್ದೆ. ಶೋಧನ್ ಬೆಳಗ್ಗಿನಿಂದ ವೈರು ಎಳೆದು, ಡ್ರಮ್ಮಿನ ಸುತ್ತ ಮೈಕು ನಿಲ್ಲಿಸಿದ. ರಮೀಝ್ ಹೊಸ ಅಂಗಿ ಹಾಕಿಕೊಂಡು ಬಂದ. ಟೇಪಿನಲ್ಲಿ ಅಂಗಿ ಕಾಣ್ತದಾ ಮಾರಾಯಾ ಅಂತ ನಾನು ತಮಾಷೆ ಮಾಡಿದೆ.

ಕೋಲು ಕೈಗೆ ತಕ್ಕೊಂಡಿದ್ದ ಅಷ್ಟೆ, ಹಿಂದಿನ ಮನೆಯಿಂದ ತೃಪ್ತಿಯ ಕೂಗು ಕೇಳಿತು.

ಓಡಿದೆವು. ಶೀನಪ್ಪನವರು ಚಾವಡಿಯ ಕುರ್ಚಿಯಲ್ಲಿ ಕೂತಲ್ಲೇ ಹೋಗಿದ್ರು. ಕಾಲಿನ ಹತ್ರ ಪೇಪರು ಬಿದ್ದಿತ್ತು. ರಮೀಝ್ ಅವರನ್ನು ಮಗುವಿನ ಹಾಗೆ ಎತ್ತಿ ಮಂಚಕ್ಕೆ ತಂದ. ಹತ್ತಿರದ ಡಾಕ್ಟರು ಬಂದು ನೋಡಿ ತಲೆ ಆಡಿಸಿದ್ರು. ಮುಂಬಯಿಗೆ ಫೋನು ಹೋಯ್ತು, ಮಗ ಮಧ್ಯಾಹ್ನದ ವಿಮಾನಕ್ಕೆ ಬರುವುದು ಅಂತ ಆಯ್ತು.

ಕೋಣೆಗೆ ವಾಪಸ್ ಬಂದಾಗ ಶೋಧನ್ ಬಾಗಿಲು ಮುಚ್ಚಿದ. ‘ರಮೀಝ್, ಬೈಯಬೇಡ. ಮಗ ಬರಲಿಕ್ಕೆ ಸಂಜೆ ಆಗ್ತದೆ. ನನ್ನ ಗಿಟಾರು ಆಮೇಲೆ ಬೇಕಾದ್ರೂ ತುಂಬಿಸುವ. ನಿನ್ನ ಡ್ರಮ್ಮು ಮಾತ್ರ ಈಗ ಹಿಡಿಯುವ. ಬಾಗಿಲಿಗೆ ಕಂಬಳಿ ಕಟ್ಟುವ. ಆರು ವರ್ಷ ನಮಗೆ ಕಾಟ ಕೊಟ್ಟ ಮನುಷ್ಯ.’

‘ಹೆಣ ಅಲ್ಲಿ ಉಂಟು’ ಅಂದ ರಮೀಝ್.

‘ಹಾಗಾದ್ರೆ ಅಳದಂಗಡಿಗೆ ಹೋಗುವ. ಜೀಪು ತರ್ತೇನೆ. ನಾಳೆ ನೀನು ಇರುವುದಿಲ್ಲ ಮಾರಾಯ, ಇನ್ನು ಯಾವಾಗ?’

‘ಆ ಮನೆಯಲ್ಲಿ ಒಂದು ಹೆಂಗಸು ಒಬ್ಬಳೇ ಇದ್ದಾಳೆ. ಅಂಗಳಕ್ಕೆ ಟರ್ಪಾಲು ಕಟ್ಟಬೇಕು, ಸೌದೆಗೆ ಹೇಳಬೇಕು, ಜನಕ್ಕೆ ಕುರ್ಚಿ ತರಬೇಕು. ಯಾರು ಮಾಡುವುದು?’

ಶೋಧನ್‌ಗೆ ಅಳು ಬಂದಿತ್ತು. ‘ಅವರು ಬದುಕಿದ್ದಾಗ ಬೇಡ ಬೇಡ ಅಂದ್ರೂ ಬಾರಿಸಿದಿ. ಈಗ ಅವರಿಗೆ ಕೇಳ್ಲಿಕ್ಕೂ ಇಲ್ಲ!’

‘ಅದೇ’ ಅಂದ ರಮೀಝ್. ‘ಬೇಡ ಅನ್ನಲಿಕ್ಕೆ ಆಗ ಅವರಿಗೆ ಬಾಯಿ ಇತ್ತು, ಅದಕ್ಕೆ ಬಾರಿಸಿದೆ. ಈಗ ಬೇಡ ಅನ್ನಲಿಕ್ಕೆ ಅವರಿಲ್ಲ. ಈಗ ಹೇಗೆ ಬಾರಿಸುವುದು ಹೇಳು?’

ನಾನೂ ಹೇಳಿ ನೋಡಿದೆ. ‘ನೀನು ಹೋಗು, ಆ ಮನೆಯ ಕೆಲಸ ನಾನು ನೋಡ್ತೇನೆ’ ಅಂದೆ. ಸಾಯಲಿಕ್ಕೆ ಮುದುಕನಿಗೆ ಬೇರೆ ದಿನ ಸಿಗಲಿಲ್ವಾ ಅಂತ ಬಾಯಿಗೆ ಬಂತು, ನುಂಗಿಕೊಂಡೆ. ರಮೀಝ್ ಹೊಸ ಅಂಗಿ ಬಿಚ್ಚಿ ಮೊಳೆಗೆ ತೂಗಿಸಿ, ಬನಿಯನಿನಲ್ಲೇ ಟರ್ಪಾಲು ಹೊತ್ತುಕೊಂಡು ಹೋದ. ಸಂಜೆ ಚಿತೆಗೆ ಮಗ ಬೆಂಕಿ ಕೊಡುವಾಗ ದೂರದಲ್ಲಿ ನಿಂತಿದ್ದ. ಮರುದಿನ ಬಸ್ಸು ಹತ್ತಿದ. ಬೀಯಮ್ಮ ನನ್ನ ಹೆಗಲಿಗೆ ಬಿದ್ದು ಅತ್ತಳು. ಶೋಧನ್ ಬಸ್ಸಿನ ಹತ್ರ ಬರಲಿಲ್ಲ.

ಡ್ರಮ್ ಸೆಟ್ಟಿಗೆ ನಾನು ಹಳೆಯ ಸೀರೆ ಹೊದಿಸಿದೆ. ಅಂಗಡಿಯ ಮೆಷಿನುಗಳಿಗೆ ಮೋಟಾರು ಬಂತು, ಕಾಲಿನ ಕೆಲಸ ಮುಗಿಯಿತು. ಎರಡು ಸಾವಿರದ ಐದರಲ್ಲಿ ಶೋಧನ್ ಒಂದು ಸೀಡಿ ತಂದುಕೊಟ್ಟ. ಕರ್ಗಲ್ಲಿನ ಮೊದಲ ಆಲ್ಬಮ್. ಗಿಟಾರು ಅವನದ್ದು, ಬೊಬ್ಬೆ ಅವನದ್ದು. ಡ್ರಮ್ ಯಾರದ್ದು ಅಂತ ಕೇಳಿದೆ. ಕಂಪ್ಯೂಟರಿನದ್ದು ಅಂದ. ನನಗೆ ಮಂಡೆ ಬಿಸಿಯಾಗಿ ಬಾಯಿಗೆ ಬಂದ ಹಾಗೆ ಬೈದೆ. ಅವನು ತಲೆ ತಗ್ಗಿಸಿ ಕೇಳಿಸಿಕೊಂಡು, ‘ನನ್ನ ಹತ್ರ ಅವನದ್ದು ಎಂತ ಇತ್ತು ಅಕ್ಕ?’ ಅಂದ.

ದಮಾಮಿಗೂ ಒಂದು ಕಳಿಸಿದ್ದ. ರಮೀಝ್ ನನಗೆ ಫೋನು ಮಾಡಿ, ‘ಚೆಂದ ಉಂಟು ಅಕ್ಕ. ಒಂದೂ ತಪ್ಪಿಲ್ಲ’ ಅಂದ. ಆಮೇಲೆ ಬೀಯಮ್ಮನ ಮಂಡಿನೋವಿನ ಬಗ್ಗೆ ಕೇಳಿದ. ನಾನೂ ಮಂಡಿನೋವಿನ ಬಗ್ಗೆಯೇ ಮಾತಾಡಿದೆ.

ಅವನು ಮತ್ತೆ ರಜೆಯಲ್ಲಿ ಬಂದದ್ದು ಎರಡು ಸಾವಿರದ ಎಂಟರಲ್ಲಿ, ಸಣ್ಣ ತಂಗಿ ಶಮ್ನಾಳ ಮದುವೆಗೆ. ಹೊಟ್ಟೆ ಬಂದಿತ್ತು, ಕೂದಲು ಹೋಗಿತ್ತು. ಆ ವಾರವೇ ತೃಪ್ತಿ ಅಂಗಡಿಗೆ ಬಂದಳು, ಕೈಯಲ್ಲಿ ಒಂದು ಚಪ್ಪಲಿಯ ಪೆಟ್ಟಿಗೆ. ಅತ್ತೆ ಹಾಡಿದ ಭಜನೆಯ ಟೇಪು ಹುಡುಕಲಿಕ್ಕೆ ಹೋಗಿ ಮಾವನ ಕಪಾಟಿನ ಅಡಿಯಲ್ಲಿ ಸಿಕ್ಕಿತಂತೆ. ‘ಕಾಂತಿಯಕ್ಕ, ಇದು ನಿಮ್ಮ ಹುಡುಗರದ್ದು ಅಂತ ಕಾಣ್ತದೆ. ಬಿಸಾಡಲಿಕ್ಕೆ ಮನಸ್ಸು ಬರಲಿಲ್ಲ.’

ಒಳಗೆ ಕ್ಯಾಸೆಟ್ಟುಗಳು. ಒಂದೊಂದರ ಮೇಲೂ ಮುದುಕರ ಗುಂಡು ಅಕ್ಷರದಲ್ಲಿ: ಸಾಕ್ಷಿ.

ಶೋಧನ್‌ಗೆ ಹೇಳಿ ಕಳಿಸಿದೆ, ಮೂಡಬಿದಿರೆಯಿಂದ ಬೈಕಿನಲ್ಲಿ ಹಾರಿಕೊಂಡು ಬಂದ. ರಮೀಝನೂ ಮನೆಯಿಂದ ಬಂದು ಕೂತ. ಅಂಗಡಿಯ ಹಳೆಯ ಟೇಪ್ ರೆಕಾರ್ಡರಿಗೆ ಒಂದನ್ನು ಹಾಕಿದೆವು. ಮೊದಲು ಕೆಮ್ಮು. ಆಮೇಲೆ ಶೀನಪ್ಪನವರ ಕೋರ್ಟಿನ ಕನ್ನಡ. ತಾರೀಕು ಹೇಳಿದ್ರು, ಗಂಟೆ ಹೇಳಿದ್ರು. ‘ನೆರೆಯ ಕಟ್ಟಡದಲ್ಲಿ ದರ್ಜಿ ಹುಡುಗನು ಉಂಟುಮಾಡುತ್ತಿರುವ ಶಬ್ದವು ಈ ಕೆಳಗಿನಂತಿದೆ.’ ಟೇಪಿಗೆ ಎಂತ ಕೆಳಗಿನಂತೆ ಮಾರಾಯ್ರೆ ಅಂತ ನಾನು ನಗಲಿಕ್ಕೆ ಹೊರಟೆ. ಅಷ್ಟರಲ್ಲಿ ರಮೀಝನ ಕಾಲು ಕೇಳಿತು.

ಪೊಲೀಸರು ಸಾಕ್ಷಿ ತನ್ನಿ ಅಂದದ್ದೇ, ಆ ಮನುಷ್ಯ ಚಾವಡಿಯ ಗೋಡೆಗೆ ಟೇಪ್ ರೆಕಾರ್ಡರ್ ತಾಗಿಸಿ ಇಟ್ಟು ಭಾನುವಾರ ಭಾನುವಾರ ಹಿಡಿದದ್ದು. ಆಚೆ ಡ್ರಮ್ ಇದ್ದದ್ದು ಅದರ ಎದುರಿನ ಗೋಡೆಗೆ ತಾಗಿ. ಗಿಟಾರು, ಬೊಬ್ಬೆ ಎಲ್ಲ ಎಲ್ಲೋ ದೂರದಲ್ಲಿ. ಡ್ರಮ್ಮು ಮಾತ್ರ ಎದುರು ಕೂತು ಬಾರಿಸಿದ ಹಾಗೆ. ಬೆರಳು, ಹಿಮ್ಮಡಿ, ಬೆರಳು, ಹಿಮ್ಮಡಿ. ಹೊಸ ಹಾಡು, ಹಳೆಯ ಹಾಡು, ತಪ್ಪಿ ಮತ್ತೆ ಶುರು ಮಾಡಿದ್ದು, ಎಲ್ಲ ಉಂಟು. ಮಾವ ಯಾಕೆ ಇದನ್ನು ಪೊಲೀಸರಿಗೆ ಕೊಡಲೇ ಇಲ್ಲ ಅಂತ ಕೇಳಿದೆ. ‘ದೂರು ಎಂತಾಯ್ತು ಅಂತ ಕೇಳಿದಾಗೆಲ್ಲ ಸಾಕ್ಷಿ ಇನ್ನೂ ಪೂರ್ತಿ ಆಗ್ಲಿಲ್ಲ ಅನ್ನುತ್ತಿದ್ರು’ ಅಂದಳು ತೃಪ್ತಿ.

ರಮೀಝ್ ನೆಲ ನೋಡಿಕೊಂಡು ಕೂತಿದ್ದ. ಅವನ ಪಾದ ಚಪ್ಪಲಿಯ ಒಳಗೆ ಅಲ್ಲಾಡುತ್ತಿತ್ತು. ಶೋಧನ್ ಗೋಡೆಗೆ ಮೋರೆ ಇಟ್ಟು ಅಳ್ತಾ ಇದ್ದ. ನಾನು ಯಾಕೆ ಅಡಗಿಸಲಿ, ನಾನೂ ಅತ್ತೆ.

ಕೊನೆಯ ಕ್ಯಾಸೆಟ್ಟಿನಲ್ಲಿ ಒಂದು ಭಾನುವಾರ. ತಾರೀಕು ಹೇಳಿದ್ರು, ಗಂಟೆ ಹೇಳಿದ್ರು. ಆಮೇಲೆ ಶಬ್ದ ಇಲ್ಲ. ಗಡಿಯಾರದ ಟಿಕ್ ಟಿಕ್, ದೂರದಲ್ಲಿ ಹೈವೇಯ ಲಾರಿ. ‘ಇಂದು ಯಾವುದೇ ಶಬ್ದ ಇರುವುದಿಲ್ಲ’ ಅಂದ್ರು. ಕೋರ್ಟಿನವರಲ್ಲವಾ, ಇಲ್ಲದ್ದನ್ನೂ ಇಲ್ಲ ಅಂತ ದಾಖಲು ಮಾಡಬೇಕು. ಟೇಪು ತಿರುಗುತ್ತಾ ಇತ್ತು. ಮತ್ತೆ ಆ ಕನ್ನಡ ಬಿಟ್ಟು, ನಮ್ಮ ತುಳುವಿನಲ್ಲಿ, ಸಣ್ಣ ಸ್ವರದಲ್ಲಿ ಒಂದು ಮಾತು ಹೇಳಿದ್ರು: ‘ಆ ರಮೀಝ್ ಬಾಲೆಗೆ ಜ್ವರ ಅಂತೆ.’

ನಮ್ಮಲ್ಲಿ ಬಾಲೆ ಅಂದ್ರೆ ಮಗು.

ರಮೀಝ್ ತಲೆ ಎತ್ತಿದ. ‘ಅವರಿಗೆ ನನ್ನ ಹೆಸರು ಗೊತ್ತಿತ್ತಾ?’ ಅಂತ ತೃಪ್ತಿಯನ್ನು ಕೇಳಿದ. ಅವಳು ಸೆರಗಿನಲ್ಲಿ ಮೋರೆ ಒರೆಸಿಕೊಂಡಳು. ಅವನು ಎದ್ದು ಹಿಂದಿನ ಬಾಗಿಲಿನಿಂದ ಹೋಗಿ, ಆ ಎರಡು ಗೋಡೆಗಳ ನಡುವಿನ ಜಾಗದಲ್ಲಿ ನಿಂತುಕೊಂಡ. ನಾವು ಯಾರೂ ಕರೆಯಲಿಕ್ಕೆ ಹೋಗಲಿಲ್ಲ.

ಮುಂದಿನ ವರ್ಷ ಆ ಟೇಪಿನ ಡ್ರಮ್ಮಿನ ಮೇಲೆ ಶೋಧನ್ ಹೊಸದಾಗಿ ಗಿಟಾರು ಬಾರಿಸಿ ಇನ್ನೊಂದು ಸೀಡಿ ಮಾಡಿದ. ಗೋಡೆಯ ಆಚೆಯ ಶಬ್ದ ಯಾರು ಕೇಳ್ತಾರೆ ಅಂತ ನಾನು. ಆದ್ರೆ ಈ ಸಂಗೀತದವರಿಗೆ ಶಬ್ದ ಹಾಳಾದಷ್ಟೂ ಖುಷಿಯಂತೆ, ಯಾವ ಯಾವ ದೇಶದಿಂದಲೋ ಬೇಕು ಅಂತ ಬರೆದ್ರಂತೆ. ಮುದುಕರ ಕೆಮ್ಮು ತೆಗೆಯಲಾ ಅಂತ ಶೋಧನ್ ದಮಾಮಿಗೆ ಫೋನು ಮಾಡಿ ಕೇಳಿದ್ದ. ಬೇಡ ಅಂದ ರಮೀಝ್. ಕೊನೆಯ ಶಬ್ದವಿಲ್ಲದ ಭಾನುವಾರವನ್ನಾದರೂ ಬಿಡುವ, ಅದರಲ್ಲಿ ಹಾಡೇ ಇಲ್ಲವಲ್ಲ ಅಂದ ಶೋಧನ್. ‘ಅದನ್ನು ತೆಗೆಯುವುದಾದ್ರೆ ನನ್ನ ಹೆಸರನ್ನೂ ತೆಗಿ’ ಅಂದನಂತೆ ರಮೀಝ್.

ಸೀಡಿಯ ಹಿಂದೆ ಬರೆದದ್ದು ನೋಡಿ, ಇಲ್ಲೇ ಉಂಟು. ಡ್ರಮ್: ರಮೀಝ್. ಧ್ವನಿಮುದ್ರಣ: ಶೀನಪ್ಪ.

ಉಳಿದ ಹಾಡುಗಳು ನನ್ನಿಂದ ಇವತ್ತಿಗೂ ಕೇಳಲಿಕ್ಕೆ ಆಗುವುದಿಲ್ಲ, ತಲೆ ಸಿಡೀತದೆ. ಕೊನೆಯದ್ದೊಂದನ್ನು ಮಾತ್ರ ಆಗಾಗ ಹಾಕ್ತೇನೆ. ಗಡಿಯಾರ, ಲಾರಿ, ಆಮೇಲೆ ಮುದುಕ ಆ ಹುಡುಗನ ಹೆಸರು ಹೇಳುವುದು.